ಮಜ್ಜಿಗೆಯ ಮಾತು

"ಬುದ್ಧಿ, ನನ್ನನ್ನು ಬೇರೆ ಪಂಕ್ತಿಯಲ್ಲಿ ಕೂರಿಸಬಹುದೇ?" ಎಂದು ಶಿಷ್ಯ ಕೇಳಿದ.

ಮಧ್ಯಾಹ್ನದ ಊಟ ಮುಗಿಯುತ್ತ ಬಂದಿತ್ತು. ಮುದ್ದೆ ಆಗಿತ್ತು, ಅನ್ನ ಸಾರು ಆಗಿತ್ತು. ಮಜ್ಜಿಗೆ ಇನ್ನೂ ಬಂದಿರಲಿಲ್ಲ. ಗುರುಗಳು ಅವನ ಪಕ್ಕದಲ್ಲೇ, ಪಂಕ್ತಿಯ ಕೊನೆಯ ಎಲೆಗೆ ಕೂತಿದ್ದರು. ಮಠದಲ್ಲಿ ಎಲ್ಲರಿಗಿಂತ ಹಿರಿಯರಾದರೂ ಅವರು ಕೂರುವುದು ಅಲ್ಲಿಯೇ. ಅವರ ಎಲೆಗೆ ಮಜ್ಜಿಗೆ ಬೀಳುವುದು ಎಲ್ಲರಿಗೂ ಬಡಿಸಿದ ಮೇಲೆ.

"ಯಾಕಪ್ಪ, ಈ ಪಂಕ್ತಿ ಏನು ಮಾಡಿತು?" ಎಂದರು ಗುರುಗಳು.

"ನಾನು ಗಣಿತ ಕಲಿಯಲು ಬಂದವನು. ಒಂದು ದಿನ ನನ್ನ ಎಡಗಡೆಯವರು ಇರುವೆ ಯಾವ ಗುರುತು ಹಿಡಿದು ಗೂಡಿಗೆ ಮರಳುತ್ತದೆ ಎಂದು ಹೇಳುತ್ತಾರೆ. ಇನ್ನೊಂದು ದಿನ ಬಲಗಡೆಯವರು ಮುನ್ನೂರು ವರ್ಷದ ಹಿಂದಿನ ನೇಕಾರರು ನೂಲಿಗೆ ಯಾವ ಬಣ್ಣ ಹಾಕುತ್ತಿದ್ದರು ಎಂದು ಹೇಳುತ್ತಾರೆ. ಮತ್ತೊಬ್ಬರು ಗ್ರಹಣದ ವಿಷಯ ತೆಗೆದರೆ ನಿಲ್ಲಿಸುವುದೇ ಇಲ್ಲ. ಇದರಿಂದ ನನಗೇನು? ಮೇಲಾಗಿ ಹೊನ್ನಕ್ಕ ಮಜ್ಜಿಗೆ ತರುವಷ್ಟರಲ್ಲಿ ಎಂಜಲು ಕೈ ಒಣಗಿಹೋಗುತ್ತದೆ. ಗಣಿತದವರಿಗೆ ಒಂದು ಪಂಕ್ತಿ, ಬಡಿಸಲು ಚುರುಕಾದ ಒಬ್ಬರು ಇದ್ದರೆ, ಆ ಹೊತ್ತಿನಲ್ಲಿ ನಾವು ನಮ್ಮ ವಿದ್ಯೆಯನ್ನೇ ಮಾತಾಡಿಕೊಳ್ಳಬಹುದು."

ಗುರುಗಳು ನಕ್ಕರು. "ಕೈ ಹೇಗೂ ಒಣಗುತ್ತಿದೆ. ಅಲ್ಲಿಯತನಕ ಒಂದು ಕತೆ ಕೇಳು" ಎಂದರು.

ಒಂದು ಮಠವಿತ್ತು. ಅಲ್ಲಿ ಗಂಟೆಯ ಸದ್ದಿಗಿಂತ ಓದುವ ಸದ್ದು ಹೆಚ್ಚು. ಹಿರಿಯ ಗುರುವೊಬ್ಬರು ಊರೂರು ಸುತ್ತಿ, ಯಾವುದೋ ಒಂದರ ಬೆನ್ನು ಹತ್ತಿ ಮನೆಮಠ ಮರೆತವರನ್ನೆಲ್ಲ ಹುಡುಕಿ ತಂದು ಇಟ್ಟುಕೊಂಡಿದ್ದರು. ಒಬ್ಬ ವೈದ್ಯ. ಒಬ್ಬ ಕಲ್ಲು ಮಣ್ಣು ಪರೀಕ್ಷೆ ಮಾಡುವವನು. ಒಬ್ಬ ಶಾಸನ ಓದುವವನು. ಒಬ್ಬ ಹೆಂಗಸರ ಬೀಸುವ ಪದಗಳನ್ನು ಬರೆದುಕೊಳ್ಳುವವನು. ನಕ್ಷತ್ರ ನೋಡುವವನೊಬ್ಬನಿದ್ದ. ಅವನು ಮಧ್ಯಾಹ್ನ ಎಲೆಯ ಮುಂದೆಯೇ ತೂಕಡಿಸುತ್ತಿದ್ದ. ಪಕ್ಕದವನು ಮೊಣಕೈಯಿಂದ ತಿವಿದರೆ ಎಚ್ಚೆತ್ತು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದ.

ಹಿರಿಯ ಗುರುವಿನ ಕಾಲದಲ್ಲಿ ಪಂಕ್ತಿ ಒಂದೇ. ಯಾರು ಮೊದಲು ಬಂದರೋ ಅವರು ಮೊದಲ ಎಲೆಗೆ. ನಂತರ ಬಂದವರು ಅವರ ಪಕ್ಕಕ್ಕೆ. ಇಂದು ವೈದ್ಯನ ಪಕ್ಕ ಕೂತವನು ನಾಳೆ ಶಾಸನದವನ ಪಕ್ಕ ಕೂರುತ್ತಿದ್ದ. ಅನ್ನ ಸಾರು ಮುಗಿದ ಮೇಲೆ, ಮಜ್ಜಿಗೆಗೆ ಮುಂಚೆ, ಪ್ರತಿಯೊಬ್ಬರೂ ಅಂದು ತಾವು ಕಂಡದ್ದರಲ್ಲಿ ಒಂದೇ ಒಂದು ಮಾತು ಹೇಳಬೇಕು. ಹೇಳದವನ ಎಲೆಗೆ ಮಜ್ಜಿಗೆ ಇಲ್ಲ. ಅದಕ್ಕೆ ಮಜ್ಜಿಗೆಯ ಮಾತು ಎಂದೇ ಹೆಸರು. ಎಲ್ಲರದೂ ಮುಗಿದ ಮೇಲೆ ಬಡಿಸುವವಳೂ ಒಂದು ಮಾತು ಹೇಳಬೇಕು. ಇವತ್ತು ಹುಣಸೆಹಣ್ಣಿನಲ್ಲಿ ಹುಳ ಇತ್ತು ಎಂದು ಅವಳು ಹೇಳಿದರೂ ಹಿರಿಯ ಗುರು ತಲೆದೂಗುತ್ತಿದ್ದರು. ಆ ಹುಳದ ಸುದ್ದಿ ಕೇಳಿ ವೈದ್ಯ ನಗುತ್ತಿದ್ದ. ಹಾಡು ಕೇಳುತ್ತ ಕಲ್ಲಿನವನ ಕಣ್ಣು ತುಂಬುತ್ತಿತ್ತು. ಆ ಪಡಸಾಲೆಯ ಗದ್ದಲ, ಮುತ್ತುಗದ ಎಲೆಯ ವಾಸನೆ, ಮಜ್ಜಿಗೆಗೆ ಹಾಕಿದ ಕರಿಬೇವು. ಈಗ ನೆನೆದರೂ ಹೊಟ್ಟೆ ತುಂಬುತ್ತದೆ, ಎದೆ ಮಾತ್ರ ಖಾಲಿಯಾಗುತ್ತದೆ.

ಹಿರಿಯ ಗುರು ತೀರಿಕೊಂಡರು. ಅವರ ಶಿಷ್ಯರಲ್ಲೇ ಒಬ್ಬ ಹೊಸ ಗುರುವಾದ. ಇಪ್ಪತ್ತೈದರ ಪ್ರಾಯ. ಬುದ್ಧಿವಂತ, ಕೆಲಸಗಾರ. ಆದರೆ ಅವನಿಗೆ ಗದ್ದಲ ಆಗದು. ಊಟಕ್ಕೆ ಇಷ್ಟು ಹೊತ್ತು ಯಾಕೆ ಎಂದು ಅವನು ಕೇಳಿದ. ವೈದ್ಯನೂ, "ರೋಗಿಗಳು ಬಾಗಿಲಲ್ಲಿ ಕಾಯುತ್ತಿರುವಾಗ ನಾನು ಬೀಸುವ ಪದ ಕೇಳುತ್ತ ಕೂರಬೇಕೇ?" ಎಂದ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೊಸ ಗುರು ಪಂಕ್ತಿಯನ್ನು ನಾಲ್ಕು ಮಾಡಿದ. ದೇಹದ ವಿದ್ಯೆಯವರು ಒಂದು ಕಡೆ, ಕಲ್ಲು ಮಣ್ಣಿನವರು ಒಂದು ಕಡೆ, ಹಳೆಯ ಬರಹದವರು ಒಂದು ಕಡೆ, ಹಾಡು ಕತೆಯವರು ಒಂದು ಕಡೆ. ನಕ್ಷತ್ರದವನನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕಲ್ಲಿನವರ ಜೊತೆ ಕೂರಿಸಿದ. ಅವನು ಅಲ್ಲಿಯೂ ತೂಕಡಿಸಿದ. ಮಜ್ಜಿಗೆಯ ಮಾತು ನಿಂತಿತು. ಪಂಕ್ತಿಯಲ್ಲಿ ಬಡಿಸುವವರು ಮಾತಾಡಬಾರದೆಂಬ ನಿಯಮವೂ ಬಂತು.

ಕೆಲಸ ಚೆನ್ನಾಗಿಯೇ ನಡೆಯಿತು. ಮೂರು ವರ್ಷದಲ್ಲಿ ಬರೆದ ಗ್ರಂಥಗಳು ಇಮ್ಮಡಿಯಾದವು. ನೋಡಲು ಬಂದವರೆಲ್ಲ ಹೊಸ ಗುರುವನ್ನು ಹೊಗಳಿದರು. ಅವನು ಉಬ್ಬಿದ.

ಮಠದಿಂದ ಎರಡು ಹರದಾರಿ ದೂರದಲ್ಲಿ ಒಂದು ಊರು. ಆ ಊರಿನ ಕೆರೆಯಲ್ಲಿ ಹೂಳು ತುಂಬಿತ್ತು. ಅದು ದೂರವೂ ಇತ್ತು. ಊರೊಳಗೆ ಬಂಡೆಯಲ್ಲಿ ಕೊರೆದ ಹಳೆಯ ಬಾವಿಯೊಂದು ಮುಚ್ಚಿಹೋಗಿತ್ತು. ಪಂಕ್ತಿ ನಾಲ್ಕಾಗುವ ಕೆಲವು ವರ್ಷ ಮುಂಚೆ ಜನ ಅದನ್ನು ತೆಗೆಸಿ, ರಾಟೆ ಹಾಕಿ, ಅದರ ನೀರನ್ನೇ ಕುಡಿಯತೊಡಗಿದರು. ನೀರು ತಿಳಿಯಾಗಿತ್ತು, ತಂಪಾಗಿತ್ತು. ಕೆಲವು ವರ್ಷಗಳಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿತು. ಮಂಡಿ ನೋಯತೊಡಗಿತು. ಆಮೇಲೆ ಮಂಡಿ ಒಳಕ್ಕೆ ಬಾಗತೊಡಗಿತು. ಜನ ವೈದ್ಯನ ಬಳಿ ಬಂದರು. ವೈದ್ಯ ಎಣ್ಣೆ ಕೊಟ್ಟ, ಕಷಾಯ ಕೊಟ್ಟ, ಪಥ್ಯ ಹೇಳಿದ. ಮೂರು ವರ್ಷ ಹೆಣಗಿದ. ಒಂದು ಮಗುವಿಗೂ ಗುಣವಾಗಲಿಲ್ಲ.

ಮಠದಲ್ಲಿ ಬಡಿಸುತ್ತಿದ್ದವಳು ಅದೇ ಊರಿನವಳು. ಗಂಡ ಇರಲಿಲ್ಲ. ಒಬ್ಬಳೇ ಮಗಳು, ಪಂಕ್ತಿ ಒಡೆದಾಗ ಆರು ವರ್ಷದವಳು, ಊರಲ್ಲಿ ಅಜ್ಜಿಯ ಹತ್ತಿರ ಇದ್ದಳು. ತಾಯಿ ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಪಂಕ್ತಿ ನಾಲ್ಕಾದ ಮಾರನೆಯ ವರ್ಷ ಮಗು ಓಡುವುದನ್ನು ಬಿಟ್ಟಿತು. ಅದರ ಮಾರನೆಯ ವರ್ಷ ಗೋಡೆ ಹಿಡಿದು ನಡೆಯಿತು.

ಒಂದು ದಿನ ವೈದ್ಯ ತನ್ನ ಪಂಕ್ತಿಯಲ್ಲಿ, "ಆ ಊರಿನ ರೋಗಕ್ಕೆ ಮದ್ದಿಲ್ಲ. ಇನ್ನು ನಾನು ಕೈ ಬಿಡುತ್ತೇನೆ" ಎಂದ. ಬಡಿಸುವವಳ ಕೈ ನಿಂತಿತು. ಅವಳು ಮಜ್ಜಿಗೆಯ ಗಡಿಗೆಯನ್ನು ಪಡಸಾಲೆಯ ನಡುವೆ ಇಳಿಸಿದಳು. ನೇರವಾಗಿ ಹೊಸ ಗುರುವಿನ ಮುಂದೆ ಬಂದು ನಿಂತಳು.

"ಬುದ್ಧಿ, ನಾನು ಓದ್ದೋಳಲ್ಲ, ಬಡ್ಸೋಳು. ಇವತ್ತು ಮಾತಾಡ್ತೀನಿ, ಆಮೇಲೆ ಬೇಕಾದ್ರೆ ಕಳ್ಸಿಬುಡಿ. ಆ ಸಾಲ್ನಲ್ಲಿ ಕಲ್ಲಿನ್ ಅಯ್ನೋರು ನಮ್ಮೂರ್ ಬಂಡೆಬಾವಿ ತಳ್ದಾಗೆ ಎಂಥದೋ ಉಪ್ಪೈತೆ, ನೀರಿಗೆ ಇಳೀತದೆ ಅಂದ್ರು. ಈ ಸಾಲ್ನಲ್ಲಿ ಶಾಸನದೋರು ನಮ್ಮೂರ್ ಕಲ್ಲು ಓದಿದ್ರು. ಕೆರೆ ನೀರು ಜನಕ್ಕೆ, ಬಂಡೆ ನೀರು ಗೋಡೆ ಮಣ್ಣಿಗೆ ಅಂತ ಅದ್ರಾಗೆ ಬರ್ದೈತಂತೆ. ಅಗೋ ಆ ಹಾಡಿನೋರು ನಮ್ಮಜ್ಜಿ ತಾವ್ಲೇ ಒಂದು ಪದ ಬರ್ಕಂಡ್ ಬಂದವ್ರೆ."

ಆಮೇಲೆ ಅವಳು ಆ ಪದವನ್ನು ಹಾಡಲಿಲ್ಲ, ಹೇಳಿದಳು.

ಬಂಡೆಯ ಬಾವೀಯ ನೀರ ತರಬ್ಯಾಡ ನನ ಮಗಳೆ
ಮಂಡೀಯ ನೋವು ಬರತಾವೆ, ಕೆರೆಯೀಗೆ
ಕೊಂಡೋಗು ನಿನ್ನ ಕೊಡಪಾನ

ಮೂವರು ವಿದ್ವಾಂಸರೂ ಆ ಮಾತುಗಳನ್ನು ಬರೆದಿಟ್ಟು ಮೂರು ವರ್ಷವಾಗಿತ್ತು. ಕಲ್ಲಿನವನು ಉಪ್ಪನ್ನು ತೂಗಿದ್ದ, ಅದನ್ನು ಯಾರು ಕುಡಿಯುತ್ತಾರೆಂದು ಕೇಳಿರಲಿಲ್ಲ. ಶಾಸನದವನು ಅಕ್ಷರದ ವಯಸ್ಸು ಹೇಳಿದ್ದ, ನೀರಿನ ಗೊಡವೆಗೆ ಹೋಗಿರಲಿಲ್ಲ. ಹಾಡಿನವನಿಗೆ ಮೂರು ಸಾಲಿನಲ್ಲೂ ಪ್ರಾಸ ತಪ್ಪದೆ ನಿಂತದ್ದೇ ದೊಡ್ಡ ಸಂತೋಷವಾಗಿತ್ತು. ಹತ್ತು ಮಾರು ದೂರದಲ್ಲಿ ಕೂತು ವೈದ್ಯ ಕಷಾಯ ಬದಲಿಸುತ್ತಲೇ ಇದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವರಿಗೆ ಪಕ್ಕದ ಎಲೆಯೂ ಮದ್ದಾಗಲಿಲ್ಲ.

ಹೊಸ ಗುರು ಒಂದೇ ಪ್ರಶ್ನೆ ಕೇಳಿದ. "ಇಷ್ಟು ದಿನ ಯಾಕೆ ಹೇಳಲಿಲ್ಲ ತಾಯಿ?"

"ಹೇಳೋ ಹೊತ್ತ ನೀವೇ ತೆಗ್ದುಬುಟ್ರಿ ಬುದ್ಧಿ. ಅದೂ ಅಲ್ದೆ, ಒಂದೊಂದ್ ಸಾಲ್ನಲ್ಲಿ ಒಂದೊಂದ್ ಚೂರು ಕಿವಿಗ್ ಬಿದ್ದಿತ್ತು. ಒಂದೊಂದ್ ಸಲ ಅನುಮಾನ ಬರೋದು. ಇಷ್ಟು ಜನ ದೊಡ್ಡೋರವ್ರೆ, ಹಂಗಿದ್ದಿದ್ರೆ ಒಬ್ರಾದ್ರೂ ಹೇಳ್ತಿದ್ರು ಅಂದ್ಕಂಡು ಸುಮ್ನಾದೆ. ನನ್ ಮಗೀಗೆ ಆ ನೀರ್ನೇ ಕುಡ್ಸಿದೆ."

ಅವಳು ಅಳಲಿಲ್ಲ. ಗಡಿಗೆ ಎತ್ತಿಕೊಂಡು, ಬಿಟ್ಟ ಎಲೆಯಿಂದಲೇ ಬಡಿಸಲು ಶುರುಮಾಡಿದಳು.

ಮಾರನೆಯ ದಿನ ನಾಲ್ವರು ವಿದ್ವಾಂಸರೂ ಒಂದೇ ಗಾಡಿಯಲ್ಲಿ ಆ ಊರಿಗೆ ಹೋದರು. ಬಾವಿಯ ರಾಟೆ ಇಳಿಸಿದರು. ಮಠದವರೂ ಊರವರೂ ಸೇರಿ ಕೆರೆಯ ಹೂಳು ಹೊತ್ತರು. ನಕ್ಷತ್ರದವನು ಕೂಡ ನಿದ್ದೆ ಬಿಟ್ಟು ಮಂಕರಿ ಹೊತ್ತ. ಆಮೇಲೆ ಹುಟ್ಟಿದ ಮಕ್ಕಳ ಹಲ್ಲು ಬಿಳಿಯಾಗಿಯೇ ಬಂತು. ಅವು ಕೆರೆಯ ಏರಿಯ ಮೇಲೆ ಓಡಿದವು. ಮಠದಲ್ಲಿ ಪಂಕ್ತಿ ಮತ್ತೆ ಒಂದಾಯಿತು, ಮಜ್ಜಿಗೆಯ ಮಾತೂ ಮತ್ತೆ ಶುರುವಾಯಿತು.

ಆದರೆ ಒಮ್ಮೆ ಬಾಗಿದ ಮೂಳೆಗೆ ಒಳ್ಳೆಯ ನೀರು ಕುಡಿಸಿದರೆ ಅದು ನೆಟ್ಟಗಾಗುವುದಿಲ್ಲ. ಬಡಿಸುವವಳ ಮಗಳಿಗೆ ಆಗ ಒಂಬತ್ತು ವರ್ಷ. ತಾಯಿ ಅವಳನ್ನು ಮಠಕ್ಕೇ ಕರೆತಂದಳು. ಮಗು ಅಡಿಗೆ ಮನೆಯಲ್ಲಿ ಬೆಳೆಯಿತು. ತಾಯಿ ಹೋದ ಮೇಲೆ ಸೌಟು ಅವಳ ಕೈಗೆ ಬಂತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ತನ್ನ ಒಣಗಿದ ಕೈಯನ್ನು ನೋಡಿಕೊಂಡ. ಅಷ್ಟರಲ್ಲಿ ಅಡಿಗೆ ಮನೆಯ ಬಾಗಿಲಲ್ಲಿ ಹೊನ್ನಕ್ಕ ಕಾಣಿಸಿದಳು. ಒಂದು ಕೈಯಲ್ಲಿ ಗಡಿಗೆ, ಇನ್ನೊಂದು ಕೈ ಗೋಡೆಯ ಮೇಲೆ. ಅವಳ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು. ಅವಳು ಒಂದು ಹೆಜ್ಜೆ ಇಟ್ಟು, ನಿಂತು, ಇನ್ನೊಂದು ಹೆಜ್ಜೆ ಇಟ್ಟಳು. ಪಂಕ್ತಿಯ ಮೊದಲ ಎಲೆಯವನು ಅಂದು ತಾನು ಕಂಡದ್ದನ್ನು ಹೇಳತೊಡಗಿದ. ಅವಳು ಗಡಿಗೆ ಇಳಿಸಿ ಅದನ್ನು ಪೂರ್ತಿ ಕೇಳಿದಳು.

ಶಿಷ್ಯನ ದನಿ ಸಣ್ಣದಾಗಿತ್ತು. "ಬುದ್ಧಿ, ಪಂಕ್ತಿ ಒಡೆದ ಆ ಹೊಸ ಗುರು ಆಮೇಲೆ ಏನಾದರು?"

"ಅರವತ್ತು ವರ್ಷದಿಂದ ಕೊನೆಯ ಎಲೆಗೆ ಕೂತು, ಅವಳು ನಡೆದು ಬರುವುದನ್ನು ನೋಡುತ್ತಿದ್ದಾನೆ."