ಸಾರಿಸಿದ ನೆಲದ ಮೇಲೆ ತಿಪ್ಪವ್ವನ ಹೆಜ್ಜೆ

ವಿಜಯಪುರದ ಕಡೆಯ ಎರೆ ಮಣ್ಣಿನ ಸೀಮೆಯಲ್ಲಿ, ಹುಣಸಿಹೊಂಡ ಎಂಬ ಸಣ್ಣ ಊರಿನ ಹೊರಗೆ ಪೂಜ್ಯ ನಿಂಬೆವ್ವ ತಾಯಿಯವರು ವಾಸವಾಗಿದ್ದರು. ಜನ ಅದನ್ನು ಮಠ ಎನ್ನುತ್ತಿದ್ದರು, ಆದರೆ ಅದು ಒಂದೇ ಕೋಣೆಯ ಮಣ್ಣಿನ ಮನೆ. ಗದ್ದುಗೆ ಇಲ್ಲ, ಪಲ್ಲಕ್ಕಿ ಇಲ್ಲ. ದರ್ಶನಕ್ಕೆ ಬಂದವರು ತಾಯಿಯವರನ್ನು ಗುರುತಿಸಬೇಕಾದರೆ ಮೊಣಕೈವರೆಗೆ ಸಗಣಿ ಮೆತ್ತಿಕೊಂಡವರು ಯಾರೆಂದು ನೋಡಬೇಕಿತ್ತು. ದಿನಾ ಮುಂಜಾನೆ ತಮ್ಮ ಕೈಯಾರೆ ನೆಲ ಸಾರಿಸುತ್ತಿದ್ದರು. ಅದು ಒಣಗುವ ತನಕ ಊರ ಗೌಡರೇ ಬಂದರೂ ಹೊಸ್ತಿಲಾಚೆ ನಿಲ್ಲಬೇಕು. ಅಲ್ಲಿದ್ದ ಕಟ್ಟಳೆ ಇದೊಂದೇ.

ಒಂದು ಬೆಳಿಗ್ಗೆ ತಾಯಿಯವರು ಸಾರಿಸುತ್ತ ಸಾರಿಸುತ್ತ ಬಾಗಿಲ ಹತ್ತಿರ ಬಂದಿದ್ದಾಗ ಪಕ್ಕದೂರಿನ ರುದ್ರವ್ವ ಬಂದು ನಿಂತಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು, ಹಿಂದೆ ಅತ್ತೆ ಬಾಳವ್ವ. ರುದ್ರವ್ವ ಒಂದೇ ಕೈ ಎದೆಗಿಟ್ಟು ತಲೆಬಾಗಿದಳು. ಇನ್ನೊಂದು ಕೈಗೆ ಬಿಡುವಿರಲಿಲ್ಲ.

"ತಾಯಿ, ಇಕಿ ನಡಿಯಂಗಿಲ್ರಿ" ಎಂದಳು.

ರುದ್ರವ್ವನ ಮೊದಲಿನ ಎರಡು ಕೂಸು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹುಟ್ಟಿದ ಕೂಡಲೇ ಬಾಳವ್ವ ಅದನ್ನು ತಿಪ್ಪೆಯ ಮೇಲೆ ಒಂದು ಸುತ್ತು ಉರುಳಿಸಿ, ಯಮನಿಗೆ ಆಸೆಯಾಗದಿರಲೆಂದು ತಿಪ್ಪವ್ವ ಎಂದು ಹೆಸರಿಟ್ಟಿದ್ದಳು. ಅಷ್ಟಕ್ಕೂ ಧೈರ್ಯ ಸಾಲದೆ, ಮನೆದೇವರ ಗುಡಿಯಲ್ಲಿ ಜಾವಳ ತೆಗೆಸುವ ತನಕ ಕೂಸಿನ ಕಾಲು ನೆಲಕ್ಕೆ ತಾಗಿಸುವುದಿಲ್ಲ ಎಂದು ಹರಕೆ ಹೊತ್ತಳು. ಮೊದಲ ಕೂದಲು ತೆಗೆಸಲು ವರ್ಷ ತುಂಬಿದರೆ ಸಾಕಿತ್ತು. ಆ ವರ್ಷ ಮಾವ ತೀರಿಕೊಂಡು ಸೂತಕ ಬಂತು. ಮರುವರ್ಷ ಜಾವಳದ ಊಟಕ್ಕೆ ಹೋಳಿಗೆಯೋ ಹುಗ್ಗಿಯೋ ಎಂದು ರುದ್ರವ್ವನ ಗಂಡನೂ ಅವನ ಅಣ್ಣತಮ್ಮಂದಿರೂ ಜಗಳಾಡಿ ಮಾತು ಬಿಟ್ಟರು. ಗಂಡಸರ ಸಿಟ್ಟು ಇಳಿಯುವ ತನಕ ಕೂಸನ್ನು ಹೊರುವ ಕೆಲಸ ಹೆಂಗಸಿನದಾಯಿತು. ಸೊಂಟದಿಂದ ಹಗ್ಗದ ಮಂಚದ ಹೊರಸಿಗೆ, ಹೊರಸಿನಿಂದ ಸೊಂಟಕ್ಕೆ. ಓಣಿಯವರು "ರಾಣಿಯವರ ಮೇನೆ ಬಂತು, ಹಾದಿ ಬಿಡ್ರಿ" ಎಂದು ಆಡಿಕೊಂಡರು. ವೈದ್ಯರು ಕಾಲಿನಲ್ಲಿ ರೋಗವಿಲ್ಲ ಎಂದರು. ಆದರೆ ಹೊರಸಿನ ಮೇಲೆ ನಿಲ್ಲಿಸಿದರೂ ಮಗು ಚೀರಿ ಅವ್ವನ ಕೊರಳಿಗೆ ಬೀಳುತ್ತಿತ್ತು.

ತಾಯಿಯವರು ಮಗುವಿನ ಅಂಗಾಲು ಮುಟ್ಟಿ ನೋಡಿದರು. ಬೆಣ್ಣೆಯ ಹಾಗಿತ್ತು.

"ಹೆಸರಿನ್ಯಾಗ ತಿಪ್ಪಿ ಐತಿ, ಕಾಲಾಗ ಚಿಟಿಕಿ ಮಣ್ಣಿಲ್ಲ" ಎಂದು ನಕ್ಕರು. ಆಮೇಲೆ ಹಸಿ ನೆಲ ತೋರಿಸಿ, "ಇಳಸು" ಎಂದರು.

ಬಾಳವ್ವ ಹೌಹಾರಿದಳು. "ಹರಕಿ ಐತ್ರಿ! ಒಂದು ತಾಯತ ಕಟ್ಟಿ ಕೊಡ್ತೀರಿ ಅಂತ ಬಂದ್ರ, ದೇವರ ಕೂಡ ಜಗಳ ಹಚ್ಚಾಕತ್ತೀರಲ್ಲ! ಮೊದಲ ಎರಡು ಹೋಗ್ಯಾವು."

ರುದ್ರವ್ವನ ತೋಳು ಬಿಗಿಯಾಯಿತು. "ಸೊಂಟದ ಮ್ಯಾಲಿದ್ರ ಉಳೀತಾಳ್ರಿ ತಾಯಿ. ಕುಂಟಿ ಆದ್ರೂ ಇರ್ಲಿ, ಇರ್ತಾಳಲ್ಲ."

ಈ ಮಾತಿಗೆ ನಗುವವರು ಕೂಸಿಗೆ ಮಣ್ಣು ಕೊಟ್ಟವರಲ್ಲ. ತಾಯಿಯವರೂ ನಗಲಿಲ್ಲ.

"ಹರಕಿ ಮುರಿದಾಕಿ ನಾನು. ನಿಮ್ಮ ದೇವ್ರು ಕೇಳಿದ್ರ ನನ್ನ ಮನಿ ತೋರಸ್ರಿ" ಎಂದು ಬಾಳವ್ವನಿಗೆ ಹೇಳಿದರು. ರುದ್ರವ್ವನ ಕಡೆ ತಿರುಗಿ, "ಆದ್ರ ಇಳಸಾಕಿ ನೀನ. ನಾ ಕಸಗೊಳ್ಳಂಗಿಲ್ಲ" ಎಂದರು.

ರುದ್ರವ್ವ ನಿಂತೇ ಇದ್ದಳು. ಬಿಸಿಲು ಏರಿತು. ಗೋಡೆಯ ಬುಡದಲ್ಲಿ ನೆಲದ ಬಣ್ಣ ತಿಳಿಯಾಗತೊಡಗಿತು.

"ನೆಲ ಒಣಗಾಕತ್ತೈತಿ ಮಗಳ" ಎಂದರು ತಾಯಿಯವರು. "ಬೀಳೂದಿದ್ರ ಮೆತ್ತಗಿದ್ದಾಗ ಬೀಳಲಿ."

ರುದ್ರವ್ವ ಕಣ್ಣು ಮುಚ್ಚಿ ಮಗಳನ್ನು ಇಳಿಸಿದಳು. ಪುಟ್ಟ ಪಾದಗಳು ಹಸಿ ಸಗಣಿಯಲ್ಲಿ ಹೂತವು. ತಿಪ್ಪವ್ವ ಊರಿಗೆ ಕೇಳುವಂತೆ ಚೀರಿ, ಅವ್ವನ ಸೀರೆಗೆ ಕೈಚಾಚಿ, ಕುಂಡಿಯೂರಿ ಬಿದ್ದಳು. ರುದ್ರವ್ವ ಬಾಗಿದಳು.

"ಬ್ಯಾಡ" ಎಂದರು ತಾಯಿಯವರು.

ಒಂದೇ ಮಾತು. ರುದ್ರವ್ವ ಬಾಗಿದಲ್ಲೇ ನಿಂತಳು. ಮಗು ಅತ್ತು ಅತ್ತು ಸಾಕಾಗಿ ತನ್ನ ಅಂಗೈ ನೋಡಿಕೊಂಡಿತು. ಅದನ್ನು ಮತ್ತೆ ನೆಲಕ್ಕೆ ಒತ್ತಿತು. ಕೈಯಚ್ಚು ಬಿತ್ತು. ಇನ್ನೊಂದು ಒತ್ತಿತು. ಹಾಗೆ ಒತ್ತುತ್ತಲೇ ಹಿಂಬದಿ ಎತ್ತಿತು, ನಡುಗುತ್ತ ನಿಂತಿತು, ಬಿತ್ತು. ಮತ್ತೆ ಎತ್ತಿತು. ಕೈಯಿಂದ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದ ಬಾಳವ್ವ ಬೆರಳ ಸಂದಿಯಿಂದ ಇಣುಕಿ, "ಏ, ನಿಂತ್ಳಲ್ಲೇ!" ಎಂದು ಕೂಗಿ, ತಾನೇ ಕೂಗಿದೆನೆಂದು ನಾಚಿ ಸೆರಗು ಬಾಯಿಗಿಟ್ಟಳು.

ಆ ಹೊತ್ತಿಗೇ ಮಗು ಓಡಿತೆಂದು ಹೇಳುವವರಿದ್ದಾರೆ. ಓಡಲಿಲ್ಲ. ಬಲವಿಲ್ಲದ ಕಾಲಿಗೆ ಬಲ ಬರಲು ದಿನ ಹಿಡಿಯುತ್ತದೆ. ತಾಯಿಯವರು ರುದ್ರವ್ವನನ್ನೂ ಮಗುವನ್ನೂ ಅಲ್ಲೇ ಇರಿಸಿಕೊಂಡರು. ದಿನಾ ತಾವು ಸಾರಿಸುವರು, ತಿಪ್ಪವ್ವ ತುಳಿದು ಹಾಳುಮಾಡುವಳು. ಒಮ್ಮೆ ಗೌಡರು, "ನಮಗ ಹೊರಗ ನಿಲ್ಲಸ್ತೀರಿ, ಈ ಹುಡುಗಿಗೆ ಕಟ್ಟಳಿ ಇಲ್ಲೇನ್ರಿ?" ಎಂದರು. "ನೀವು ನಡಿಯಾಕ ಕಲತೀರಲ್ಲ ಗೌಡ್ರ" ಎಂದರು ತಾಯಿಯವರು.

ಕಷ್ಟ ಹೆಚ್ಚಾದದ್ದು ರುದ್ರವ್ವನಿಗೆ. ಮಗಳು ಗೋಡೆ ಹಿಡಿದು ಹೋಗುವಾಗ ಇವಳು ಒಂದು ಕಡೆ ವಾಲಿಕೊಂಡು, ಖಾಲಿ ತೋಳನ್ನು ಬಾಗಿಸಿಕೊಂಡೇ ನಿಂತಿರುತ್ತಿದ್ದಳು. ಒಂದು ಬೆಳಿಗ್ಗೆ ತಾಯಿಯವರು ಸಗಣಿ ಬುಟ್ಟಿಯನ್ನು ಆ ತೋಳಿಗೆ ಕೊಟ್ಟರು. ಅಂದಿನಿಂದ ನೆಲ ಸಾರಿಸುವವಳು ರುದ್ರವ್ವ.

ತಿಪ್ಪವ್ವ ನಡೆಯುವ ಸುದ್ದಿ ಕೇಳಿ ಅಣ್ಣತಮ್ಮಂದಿರು ನಾಚಿ ಒಂದಾದರು. ಜಾವಳಕ್ಕೆ ಹೋಳಿಗೆಯನ್ನೂ ಹುಗ್ಗಿಯನ್ನೂ ಮಾಡಿಸಿದರು. ಗುಡಿಯ ಮೆಟ್ಟಿಲು ಬಂದಾಗ ಬಾಳವ್ವನಿಗೆ ಹಳೆಯ ಭಯ ಎದ್ದಿತು.

"ಎತ್ಗೋ ರುದ್ರಿ, ಮೆಟ್ಟಲ ಬಾಳ ಅದಾವು."

"ಆಕಿಗೂ ಕಾಲ ಅದಾವು, ಅತ್ತಿ."

"ಬಿದ್ಲಂದ್ರ?"

"ಏಳ್ತಾಳ."

ತಿಪ್ಪವ್ವ ಕೈಯೂರಿ, ಮೊಣಕಾಲೂರಿ, ಅಂಗಿಯೆಲ್ಲ ಧೂಳು ಮಾಡಿಕೊಂಡು ಮೇಲಕ್ಕೆ ಹತ್ತುತ್ತಿದ್ದಳು. ರುದ್ರವ್ವ ಗುಡಿಯೊಳಗೆ ಕಾಲಿಡುವ ಮೊದಲು ಹುಣಸಿಹೊಂಡದ ದಿಕ್ಕಿಗೆ ತಿರುಗಿ ನೆಟ್ಟಗೆ ನಿಂತಳು. ಎರಡೂ ಕೈ ಜೋಡಿಸಿದಳು.