ಗಿಣಿ ಪಂಡಿತರ ಗೂಡುಶಾಸ್ತ್ರ

ಹುಟ್ಟಿದಾಗಿನಿಂದ ಪೊಟರೆಯಲ್ಲೇ ವಾಸವಾಗಿದ್ದ ಗಿಣಿ ಪಂಡಿತರು ಗೂಡು ಕಟ್ಟುವ ಬಗ್ಗೆ ಒಂದು ಗ್ರಂಥ ಬರೆದರು. ನೆನಪಿಗೆ ಬಂದದ್ದನ್ನು ಬಂದ ಹಾಗೆ ಎಲೆಗಳ ಮೇಲೆ ಕೊಕ್ಕಿನಿಂದ ಕೊರೆದರು. "ಕ್ರಮ ಗಿಮ ಎಲ್ಲ ಇರುವೆಗಳಿಗೆ," ಎಂದು ಮೂಗು ಮುರಿದರು.

ಚೊಚ್ಚಲ ಮೊಟ್ಟೆಯ ಗಡಿಬಿಡಿಯಲ್ಲಿದ್ದ ಪಾರಿವಾಳ ಆ ಗ್ರಂಥವನ್ನು ಭಕ್ತಿಯಿಂದ ತಂದು, ಸಾಲು ಸಾಲಾಗಿ ಓದುತ್ತ ಅದರಂತೆಯೇ ನಡೆಯಿತು. ಮೊದಲ ಎಲೆ, 'ಹತ್ತಿ ಹಾಸು' ಎಂದಿತು. ಪಾರಿವಾಳ ಬೋಳು ಕೊಂಬೆಯ ಮೇಲೆ ಹಾಸಿತು. ಎರಡನೆಯದು ಮೊಟ್ಟೆ ಇಡು ಎಂದಿತು, ಇಟ್ಟಿತು. ಮೂರನೆಯ ಎಲೆಯ ತುಂಬ ಪಂಡಿತರ ವಂಶಾವಳಿ. ಅದನ್ನು ಓದಿ ಮುಗಿಸುವಷ್ಟರಲ್ಲಿ ಗಾಳಿ ಬೀಸಿ, ಮೊಟ್ಟೆ ಕೆಳಗೆ ಬಿದ್ದು ಒಡೆಯಿತು. ಕೊನೆಯ ಎಲೆಯ ಕೊನೆಯ ಸಾಲು ಹೀಗಿತ್ತು: "ಇದಕ್ಕೆಲ್ಲ ಮುಂಚೆ, ಗಟ್ಟಿ ಕವಲು ಹುಡುಕಿ ಕಡ್ಡಿ ಜೋಡಿಸತಕ್ಕದ್ದು."

ಅಳುತ್ತ ಬಂದ ಪಾರಿವಾಳವನ್ನು ಪಂಡಿತರು ಗದರಿದರು. "ಎಲ್ಲವನ್ನೂ ಬರೆದಿದ್ದೇನೆ. ಏನು ಬಿಟ್ಟಿದ್ದೇನೆ, ತೋರಿಸು!"

ಪಾರಿವಾಳ ಎಲೆಗಳನ್ನೆಲ್ಲ ಮತ್ತೊಮ್ಮೆ ತಿರುವಿ ನೋಡಿತು; ಎಲ್ಲವೂ ಅದರಲ್ಲಿತ್ತು. ಹಿಂದಿರುಗಿತು.

ಒಂದು ವಾರ ಕಳೆದಿರಬೇಕು. ಪಂಡಿತರು ಕೊಂಬೆಯ ಮೇಲೆ ಬಿಸಿಲು ಕಾಯಿಸುತ್ತಿದ್ದಾಗ ಪಾರಿವಾಳ ಹಾರಿಬಂದು ಎದುರಿಗೆ ಕೂತಿತು.

"ಪಂಡಿತರೇ, ತಮಗೊಂದು ಸುದ್ದಿ. ಆಲದ ಹಣ್ಣು ಕೆಂಪಾಗಿದೆ. ತಮ್ಮ ಗ್ರಂಥವನ್ನು ಗುಬ್ಬಿಗಳೂ ಓದುತ್ತಿವೆಯಂತೆ. ತಮ್ಮ ಅಜ್ಜನವರ ಕೊಕ್ಕು ಬಹಳ ಸೊಗಸಾಗಿತ್ತಂತೆ." ಪಂಡಿತರು ಕಣ್ಣು ಮುಚ್ಚಿ ತಲೆದೂಗಿದರು. "ಇದಕ್ಕೆಲ್ಲ ಮುಂಚೆ, ತಮ್ಮ ಹಿಂದೆ ಕೇರೆಹಾವು ಬಂದಿದೆ."

ಪಂಡಿತರು ಹಾರಿದರು. ಬಾಲ ಮಾತ್ರ ಹಾವಿನ ಬಾಯಲ್ಲೇ ಉಳಿಯಿತು.

"ದಡ್ಡ ಹಕ್ಕಿ! ಅದನ್ನು ಮೊದಲೇ ಹೇಳಬಾರದಿತ್ತೇ?" ಎಂದು ಕಿರುಚಿದರು.

"ಎಲ್ಲವನ್ನೂ ಹೇಳಿದ್ದೇನೆ ಪಂಡಿತರೇ," ಎಂದಿತು ಪಾರಿವಾಳ. "ಏನು ಬಿಟ್ಟಿದ್ದೇನೆ, ತೋರಿಸಿ."