ಒಂದು ಮಂಕರಿ ಹೂಳು

ದೀಪದ ಕುಡಿ ಮುಂದಕ್ಕೆ ತಳ್ಳಿ, ಕೈಗೆ ಅಕ್ಷತೆ ತೆಗೆದುಕೊಂಡು, ಪಕ್ಕದವಳ ಸೆರಗಿನ ಮೇಲಿಂದ ಕಣ್ಣು ತೆಗೆದು ಕೇಳಿರಮ್ಮ. ಗಂಗಮ್ಮನ ಕಥೆಗೆ ಅರ್ಧ ಕಿವಿ ಕೊಟ್ಟವರಿಗೆ ಅರ್ಧ ಕೆರೆಯೇ ದಕ್ಕುವುದು.

ನೇರಳೆಪುರವೆಂಬ ಪಾಳೆಯಪಟ್ಟಿನಲ್ಲಿ ವೈಶಾಖದಲ್ಲಿ ಕೆರೆ ಬತ್ತಿದಾಗ, ಮನೆಗೊಬ್ಬ ಹೆಂಗಸು ದಿನಕ್ಕೊಂದು ಮಂಕರಿ ಹೂಳು ತಲೆಯ ಮೇಲೆ ಹೊತ್ತು ಗದ್ದೆಗೆ ಸುರಿದು, ತಿಂಗಳ ಕೊನೆಗೆ ಕಲಶವಿಟ್ಟು ಗಂಗಮ್ಮನನ್ನು ಪೂಜಿಸುವುದು ವ್ರತ. ಆ ಊರಿಗೆ ಮಲ್ಲಾಜಮ್ಮಣ್ಣಿ ಎಂಬವಳು ಅರಸಿಯಾಗಿ ಬಂದಳು. ಬಣ್ಣ ಅರಿಸಿನ, ಮೂಗು ಮಾತ್ರ ಗೋಪುರದ ಮೇಲೆ. "ಮಣ್ಣು ಹೊರಲು ನಾನೇನು ಕತ್ತೆಯೇ?" ಎಂದವಳೇ ಬೆಳ್ಳಿಯ ಪುಟ್ಟ ಮಂಕರಿ ಮಾಡಿಸಿ, ಮಲ್ಲಿಗೆ ತುಂಬಿ, ಏರಿಯ ಮೇಲಿಟ್ಟು ಕೈಮುಗಿದು ಹೋದಳು. ಅರಸಿ ಮಾಡಿದ್ದೇ ಶಾಸ್ತ್ರವೆಂದು ಗೌಡತಿ ಹೂವು ತಂದಳು, ಶಾನುಭೋಗರ ಹೆಂಡತಿ ಹೂವು ತಂದಳು, ಕಡೆಗೆ ಮುಡಿಯಲು ಹೂವಿಲ್ಲದವಳೂ ಸೊಪ್ಪು ತಂದಳು. ಹೂಳು ಹಾಗೆಯೇ ಕುಳಿತು, ವರ್ಷದಿಂದ ವರ್ಷಕ್ಕೆ ಕೆರೆ ಊಟದ ತಟ್ಟೆಯಂತಾಯಿತು.

ಒಂದು ವರ್ಷ ಆರಿದ್ರೆ ಮಳೆ ಸುರಿಯಿತು, ಪುನರ್ವಸು ಸುರಿಯಿತು, ಕೆರೆ ನೋಡನೋಡುತ್ತ ತುಂಬಿ ಕೋಡಿ ಹರಿದು, ಬಂದ ನೀರೆಲ್ಲ ಪಕ್ಕದ ಸೀಮೆಯವರ ಪಾಲಾಯಿತು. ಇವರು ಬಾಗಿನ ಕೊಟ್ಟು, ಹಿಗ್ಗಿ, ನಾಟಿ ಹಾಕಿದರು. ಭತ್ತ ಬಸಿರಾಗುವ ಹೊತ್ತಿಗೆ ಹಸ್ತೆ, ಚಿತ್ತೆ ಎರಡೂ ಒಣಗಾಳಿಯಾಗಿ ಹೋದವು. ಬಸುರಿ ನೀರು ಕೇಳಿದಾಗ, ಆಷಾಢದಲ್ಲಿ ಕೊಟ್ಟಿದ್ದೆನಲ್ಲ ಎಂದರೆ ಆದೀತೇ?

ಆಗ ಅರಸಿ ಮುಸ್ಸಂಜೆಯಲ್ಲಿ ಮುಸುಕೆಳೆದು, ಸೊಂಟದ ಡಾಬನ್ನು ಸೆರಗಿನಲ್ಲಿ ಕಟ್ಟಿಕೊಂಡು, ತೂಬು ಕಾಯುವ ನೀರುಗಂಟಿ ಬೊಮ್ಮನ ಗುಡಿಸಲು ಹೊಕ್ಕಳು. ಬೊಮ್ಮ ಕಟ್ಟುಮಸ್ತಾದ ಆಳು, ಹೆಂಡತಿ ತೌರಿಗೆ ಹೋಗಿದ್ದಳು. ಊರು ಬಿಟ್ಟೀತೇ? "ನಾನು ಕಂಡವಳಲ್ಲ, ಕಂಡವರು ಹೇಳಿದ್ದು," ಎನ್ನುತ್ತಲೇ ಮಾತು ಬಾಯಿಂದ ಬಾಯಿಗೆ ದಾಟಿತು. ಬೆಳಗಾಗುವುದರೊಳಗೆ ಬಾವಿಕಟ್ಟೆಯಲ್ಲಿ ಅವರಿಬ್ಬರಿಗೆ ಮಗುವೂ ಹುಟ್ಟಿಹೋಗಿತ್ತು.

ದೊರೆ ಕೆಂಡವಾಗಿ, ಊರನ್ನೆಲ್ಲ ಸೇರಿಸಿ, ಹೋದದ್ದೇಕೆಂದು ಕೇಳಿದರೆ ಅರಸಿ ಬಾಯಿ ಬಿಡಲಿಲ್ಲ. ಬೊಮ್ಮ ಹೇಳಿದ್ದನ್ನು ಯಾರೂ ನಂಬಲಿಲ್ಲ. ಅವನನ್ನು ಕಂಬಕ್ಕೆ ಕಟ್ಟಿ ಕತ್ತಿ ತಂದಾಗ ಅರಸಿ ಎದ್ದು ನಿಂತು, "ಡಾಬು ಕೊಟ್ಟು ನನ್ನೊಬ್ಬಳ ಗದ್ದೆಗೆ ನೀರು ಬಿಡಿಸಲು ಹೋಗಿದ್ದೆ. ಅವನು ಅದನ್ನು ಮುಟ್ಟಲಿಲ್ಲ. 'ತೂಬು ತೆಗೆದೇ ಇದೆ ತಾಯಿ, ಒಳಗೆ ಹೂಳು ಬಿಟ್ಟರೆ ಏನಿದೆ?' ಅಂದ," ಎಂದಳು.

ಬೊಮ್ಮನ ಕಟ್ಟು ಬಿಚ್ಚಿ ಊರು ಅರಸಿಗೆ ಬೆನ್ನು ತಿರುಗಿಸಿತು. ಹಾದರವಾಗಿದ್ದರೆ ನಾಲ್ಕು ದಿನ ಆಡಿಕೊಂಡು ಮರೆಯುತ್ತಿದ್ದರು. ನೆರೆಯವರ ಪೈರಿನ ಬಾಯಿಂದ ನೀರು ಕಸಿಯಹೋದವಳನ್ನು ಯಾರು ಮರೆಯುತ್ತಾರೆ? ಅದು ತಿಳಿದೇ ಅವಳು ಬಾಯಿ ಕಟ್ಟಿಕೊಂಡಿದ್ದುದು.

ಆ ಸುಗ್ಗಿಯಲ್ಲಿ ತೂರಿದರೆ ಜೊಳ್ಳೇ ಹಾರಿತು. ವೈಶಾಖ ಬಂದಾಗ ಅರಸಿ ಯಾರೂ ಕರೆಯದೆ, ಬರಿಗಾಲಲ್ಲಿ ಬಂದು ಬಿದಿರು ಮಂಕರಿ ತುಂಬಿದಳು. ಎತ್ತಿಕೊಡಲು ಒಬ್ಬರೂ ಬರಲಿಲ್ಲ. ಕಡೆಗೆ ಬೊಮ್ಮನ ಹೆಂಡತಿಯೇ ಬಂದು ಕೈ ಹಚ್ಚಿ, "ಜೋಪಾನ ತಾಯಿ, ಇದು ಮಲ್ಲಿಗೆಯಲ್ಲ," ಎಂದು ತಲೆಗೇರಿಸಿದಳು. ಅರಸಿಯ ಹಿಂದೆ ಗೌಡತಿ, ಗೌಡತಿಯ ಹಿಂದೆ ಊರು.

ಆ ವರ್ಷ ಮಳೆ ಮೊದಲಿಗಿಂತ ಕಡಿಮೆಯೇ. ಆದರೆ ಬಂದದ್ದು ನಿಂತಿತು, ಚಿತ್ತೆ ತಪ್ಪಿದರೂ ತೂಬಿನಲ್ಲಿ ನೀರಿತ್ತು, ಕಟ್ಟಕಡೆಯ ಗದ್ದೆಯ ಬಡವಿಯ ತೆನೆಯೂ ಹಾಲು ಕಟ್ಟಿ ಬಾಗಿತು.

ಈ ಕಥೆ ಓದಿದವರ, ಕೇಳಿದವರ, ಬಾವಿಕಟ್ಟೆಯಲ್ಲಿ ಉಪ್ಪುಖಾರ ಹಚ್ಚಿ ಹೇಳಿದವರ ಗದ್ದೆಯಲ್ಲೂ ಕಾಳು ಹಾಗೆಯೇ ತುಂಬಲಿ. ಕೊಡುವ ಕೈ ಮುಗಿಲಿನದು, ಹಿಡಿಯುವ ಮಡಿಲು ನಮ್ಮದು. ಅಕ್ಷತೆ ಹಾಕಿ ಏಳಿರಮ್ಮ, ಮಂಕರಿಗಳು ಬಾಗಿಲ ಹೊರಗಿವೆ.